ತೂಕವಿಲ್ಲದ ಬಿಳುಪು

ಹಾಲಿನ ಪಾತ್ರೆ ಖಾಲಿಯಾದ ಮೇಲೆ ಅದಕ್ಕೆ ಒಂದಿಷ್ಟು ನೀರು ಹಾಕಿ, ಕಲಕಿ, ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿಯುತ್ತೇನೆ. ದಿನವೂ ಹಿಡಿಯುತ್ತೇನೆ. ಮಗ್ಗುಲಿನಿಂದ ನೋಡಿದರೆ ಆ ನೀರು ತೆಳು ನೀಲಿ. ಬೆಳಕಿಗೆ ಎದುರಾಗಿ ನೋಡಿದರೆ ನಸುಗೆಂಪು. ಎರಡೂ ಇದ್ದಲ್ಲೇ ಇವೆ ಎಂದು ಖಾತ್ರಿಯಾದ ಮೇಲೆ ಸಿಂಕಿಗೆ ಸುರಿದು ಪಾತ್ರೆ ಉಜ್ಜುತ್ತೇನೆ.

ನಮ್ಮವರು ಊಟದ ಮೇಜಿನಿಂದ ಪೇಪರಿನ ಮೇಲಂಚಿನಲ್ಲಿ ನನ್ನನ್ನು ನೋಡುತ್ತಾರೆ.

"ಏನಂತೆ ಇವತ್ತಿನ ರಿಸಲ್ಟು? ಪಾಸಾ, ಫೇಲಾ?"

"ಪಾಸು."

"ಸದ್ಯ. ನಮ್ಮ ಮಯೂರ್ ವಿಹಾರ್ ಬಡಾವಣೆ ಬದುಕಿಕೊಂಡಿತು," ಎಂದು ಮತ್ತೆ ಪೇಪರಿನೊಳಗೆ ಇಳಿಯುತ್ತಾರೆ.

ಅವರ ತಮಾಷೆಗೆ ಕಾರಣವಿದೆ. ನಾನು ಗಂಟೆಯ ಮಾತು ಕೇಳಿ ಬೆಳೆದವಳು. ಚಿಕ್ಕಂದಿನಲ್ಲಿ ನನ್ನನ್ನು ಸೇರಿಸಿದ್ದ ಮೈಸೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಏಳುವುದಕ್ಕೊಂದು ಗಂಟೆ, ಸ್ನಾನಕ್ಕೊಂದು, ಪ್ರಾರ್ಥನೆಗೊಂದು, ಕೊನೆಗೆ ಮಾತು ನಿಲ್ಲಿಸುವುದಕ್ಕೂ ಒಂದು ಗಂಟೆ. ಅಲ್ಲಿಂದ ಹೊರಬಿದ್ದು ಇಷ್ಟು ಕಾಲವಾದರೂ ನನ್ನ ಒಗೆದ ಬಟ್ಟೆಗಳು ತಂತಿಯ ಮೇಲೆ ಉದ್ದದ ಕ್ರಮದಲ್ಲೇ ಒಣಗುತ್ತವೆ. "ಈ ಮನೆಗೆ ಕಾಲಿಂಗ್ ಬೆಲ್ ಯಾಕೆ ಹಾಕಿಸಿದೆವೋ, ನೀನೇ ಇದ್ದೀಯಲ್ಲ" ಎನ್ನುವುದು ನಮ್ಮವರ ಹಳೆಯ ದೂರು. ಹಾಗಾಗಿ ಹಾಲಿನ ನೀರನ್ನು ಬೆಳಕಿಗೆ ಹಿಡಿಯುವುದನ್ನೂ ಅವರು ಈ ಲೆಕ್ಕಕ್ಕೇ ಸೇರಿಸಿದ್ದಾರೆ. ಅದು ಈ ಲೆಕ್ಕಕ್ಕೆ ಸೇರಿದ್ದಲ್ಲ. ಆ ಅಭ್ಯಾಸ ಶುರುವಾದದ್ದು ಕೆಲವೇ ವರ್ಷಗಳ ಕೆಳಗೆ, ಹರಿಯಾಣದ ಮಾನೇಸರ್ ಕಡೆಯ ಒಂದು ಕಟ್ಟಡದ ನೆಲಮಾಳಿಗೆಯಿಂದ ಹೊರಬಂದ ಮಾರನೆಯ ಬೆಳಿಗ್ಗೆ.

ಅದನ್ನು ಹೇಳುವ ಮೊದಲು ನಿಮಗೊಂದು ಸಣ್ಣ ಪಾಠ ಮಾಡಬೇಕು. ಎದ್ದು ಹೋಗಬೇಡಿ, ಬೇಗ ಮುಗಿಸುತ್ತೇನೆ.

ನಾನು ದೆಹಲಿಯಲ್ಲಿ ನದಿಯ ನೀರನ್ನು ಕುಡಿಯುವ ನೀರು ಮಾಡುವ ಒಂದು ಘಟಕದ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತಳಾದವಳು. ಮರಳಿನ ಹಾಸಿನ ಮೂಲಕ ನೀರನ್ನು ಇಳಿಸಿ ಶೋಧಿಸುತ್ತಾರೆ. ಶೋಧನೆ ಸರಿಯಾಯಿತೇ ಎಂದು ತಿಳಿಯಲು ಎರಡು ದಾರಿ. ಒಂದು, ನೀರಿನೊಳಗೆ ಬೆಳಕು ಬಿಟ್ಟು, ಆ ಬೆಳಕು ಎಷ್ಟು ಚದುರುತ್ತದೆ ಎಂದು ಮೀಟರಿನಲ್ಲಿ ನೋಡುವುದು. ಇದು ಟರ್ಬಿಡಿಟಿ, ಅಂದರೆ ನೀರಿನ ಮಸುಕು. ಚಣದಲ್ಲಿ ಆಗುವ ಕೆಲಸ. ಇನ್ನೊಂದು, ಅಳೆದ ನೀರನ್ನು ತೆಳುವಾದ ಫಿಲ್ಟರ್ ಕಾಗದದ ಮೂಲಕ ಎಳೆದು, ಕಾಗದವನ್ನು ಒಲೆಯಂಥ ಪೆಟ್ಟಿಗೆಯಲ್ಲಿ ಒಣಗಿಸಿ, ತಣಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗುವುದು. ಮೊದಲಿಗಿಂತ ಎಷ್ಟು ಹೆಚ್ಚು ತೂಗಿತೋ ಅಷ್ಟು ಕಣ ನೀರಿನಲ್ಲಿ ತೇಲುತ್ತಿತ್ತು ಎಂದು ಅರ್ಥ. ಇದಕ್ಕೆ ಅರ್ಧ ದಿನ ಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಆದ್ದರಿಂದ ಒಂದೇ ನೀರಿಗೆ ಎರಡೂ ಪರೀಕ್ಷೆ ಮಾಡಿ, ಅಂಥ ಹಲವು ಜೋಡಿಗಳನ್ನು ಗ್ರಾಫ್ ಹಾಳೆಯಲ್ಲಿ ಚುಕ್ಕಿಯಿಟ್ಟು, ನಡುವೆ ಒಂದು ಗೆರೆ ಎಳೆದುಕೊಳ್ಳುತ್ತೇವೆ. ಆಮೇಲೆ ಮೀಟರು ಹೇಳಿದ್ದನ್ನು ಗೆರೆಯ ಮೇಲೆ ಹುಡುಕಿ ತೂಕವನ್ನು ಅಂದಾಜು ಮಾಡಬಹುದು.

ಆದರೆ ಈ ಗೆರೆಯನ್ನು ಪೂರ್ತಿ ನಂಬುವಂತಿಲ್ಲ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿ. ಬಿಸಿಲಕೋಲು ಬಿದ್ದಲ್ಲೆಲ್ಲ ಹೊಗೆ ಗೋಡೆಯಂತೆ ನಿಲ್ಲುತ್ತದೆ. ಗುಡಿಸಿ ತೂಗಿದರೆ ಏನೂ ಸಿಗುವುದಿಲ್ಲ. ಇನ್ನು, ಒಂದು ಕೊಡ ನೀರಿಗೆ ಒಂದು ಹಿಡಿ ಮರಳು ಹಾಕಿ; ತೂಕ ಬೇಕಾದಷ್ಟಿದೆ, ನೀರು ಮಾತ್ರ ಕನ್ನಡಿ. ಬೆಳಕು ಮತ್ತು ತಕ್ಕಡಿ ಒಂದೇ ಘಟನೆಗೆ ಇಬ್ಬರು ಸಾಕ್ಷಿಗಳು. ಸಾಮಾನ್ಯವಾಗಿ ಹೊಂದಿಕೊಂಡೇ ಹೇಳುತ್ತಾರೆ. ಹೊಂದದೆ ಹೋದ ದಿನ ಏನೋ ಇದೆ ಎಂದು ತಿಳಿಯಬೇಕು.

ಪಾಠ ಮುಗಿಯಿತು. ಈಗ ಇಮ್ರಾನ್.

ಇಮ್ರಾನ್ ದಾವಣಗೆರೆಯ ಹುಡುಗ. ಮಾನೇಸರಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದಾನೆ. ನಮಗೆ ಪರಿಚಯವಾದದ್ದು ದೆಹಲಿಯ ಕನ್ನಡಿಗರ ಒಂದು ಯುಗಾದಿ ಊಟದಲ್ಲಿ. ಬಡಿಸುವ ಸಾಲು ಕೆಟ್ಟುಹೋಗಿ ಗದ್ದಲವಾಗಿತ್ತು. ನಾನು ಎದ್ದು ನಿಂತು ಎಲ್ಲರನ್ನೂ ಸಾಲು ಮಾಡಿಸಿದೆ. "ಆಂಟಿ, ನೀವು ಮಿಲಿಟರಿಯಾ?" ಎಂದು ಕೇಳಿದವನು ಅವನೇ. ಒಂದು ದಿನ ಫೋನ್ ಮಾಡಿದ.

"ಆಂಟಿ, ಒಂದು ಸಣ್ಣ ಕೆಲಸ ಇತ್ತು."

"ಸಣ್ಣದಾಗಿದ್ದರೆ ನೀನೇ ಮಾಡಿಕೊಳ್ಳುತ್ತಿದ್ದೆ. ಹೇಳು."

ಅವನಿದ್ದ ಅಪಾರ್ಟ್‌ಮೆಂಟಿನಲ್ಲಿ ನೀರಿನ ಉಸ್ತುವಾರಿಯನ್ನು ಇವನ ತಲೆಗೆ ಕಟ್ಟಿದ್ದರು. ನೆಲಮಾಳಿಗೆಯಲ್ಲಿ ಮರಳಿನ ಫಿಲ್ಟರ್, ಅದರ ಮುಂದೆ ಟರ್ಬಿಡಿಟಿ ಮೀಟರ್. ಮಸುಕು ಮಿತಿ ದಾಟಿದರೆ ಮೀಟರು ತಾನೇ ನೀರು ನಿಲ್ಲಿಸುತ್ತದೆ. ಕೆಲವು ತಿಂಗಳಿಂದ ಆಗಾಗ ಒಂದು ಬೆಳಿಗ್ಗೆ, ಯಾವ ಕಾರಣವೂ ಇಲ್ಲದೆ, ಮೀಟರು ಏರಿ ನೀರು ನಿಂತುಹೋಗುತ್ತಿತ್ತು. ಜನ ಸೋಪು ಹಚ್ಚಿಕೊಂಡು ಬಚ್ಚಲಲ್ಲಿ ನಿಂತು ಇಮ್ರಾನನಿಗೆ ಫೋನ್ ಮಾಡಿ ಬೈಯುತ್ತಿದ್ದರು. ಮೀಟರಿನ ಸಂಪರ್ಕವನ್ನೇ ಕಿತ್ತುಹಾಕಬೇಕೆಂದು ಕಮಿಟಿಯವರ ಆಲೋಚನೆ.

"ನೀವು ಒಂದು ಫಾರ್ಮುಲಾ ಕೊಟ್ಟುಬಿಡಿ ಆಂಟಿ. ಮೀಟರ್ ಇಷ್ಟು ತೋರಿಸಿದರೆ ನೀರಲ್ಲಿ ಕಸ ಇಷ್ಟು ಅಂತ. ಕಸ ಇಲ್ಲ ಅಂತಾದರೆ ಮೀಟರ್ ತೆಗೆಸಿಬಿಡ್ತೀವಿ."

"ನಿನ್ನ ನೀರಿಗೆ ನಿನ್ನದೇ ಗೆರೆ ಬೇಕಪ್ಪ. ಬೇರೆಯವರ ಕನ್ನಡಕ ಹಾಕಿಕೊಂಡು ಓದುತ್ತೀಯಾ?"

"ಅಚ್ಛಾ, ಹಾಗಾದರೆ ಬಂದು ನೋಡಿ. ಬಿರಿಯಾನಿ... ಅಲ್ಲಲ್ಲ, ಉಪ್ಪಿಟ್ಟು ಮಾಡಿಸ್ತೀನಿ."

ಹೋದೆ. ಹೆದ್ದಾರಿ ಬಿಟ್ಟು ಒಳಗೆ, ಸಾಸಿವೆ ಹೊಲ ಇದ್ದ ಜಾಗದಲ್ಲಿ ಎದ್ದ ಎತ್ತರದ ಕಟ್ಟಡಗಳು. ಮುಕ್ಕಾಲು ಪಾಲು ಖಾಲಿ. ಮನೆಗಳನ್ನು ಕೊಂಡವರು ಎಲ್ಲೆಲ್ಲೋ ಇದ್ದಾರೆ. ಬಾಗಿಲುಗಳಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇದೆ. ಇಮ್ರಾನನ ಮನೆಯಿಂದ ನಾವು ಹತ್ತಿದ ಲಿಫ್ಟು ಕೆಳಗೆ ಇಳಿಯುವಾಗ ಯಾರೂ ಕರೆಯದಿದ್ದರೂ ಒಂದು ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಎದುರಿಗೆ ದೀಪವಿಲ್ಲದ ಉದ್ದ ಓಣಿ. ಗಾಳಿಗೆ ಪ್ಲಾಸ್ಟಿಕ್ ಹಾಳೆಗಳು ಒಂದಾದ ಮೇಲೊಂದು ಉಸಿರೆಳೆದಂತೆ ಉಬ್ಬಿ ಇಳಿದವು. ಬಾಗಿಲು ಮುಚ್ಚಿತು.

"ಇದು ಯಾವಾಗಲೂ ಹೀಗೇ," ಎಂದ ಇಮ್ರಾನ್, ಗುಂಡಿಗಳನ್ನು ನೋಡುತ್ತ.

ನೆಲಮಾಳಿಗೆಗೆ ಹಗಲು ಇಳಿಯುವುದಿಲ್ಲ. ಕಾರುಗಳ ಸಾಲು ದಾಟಿ, ಇನ್ನೂ ಒಂದು ಮೆಟ್ಟಿಲ ಸಾಲು ಇಳಿದರೆ ನೀರಿನ ಕೋಣೆ. ಫಿಲ್ಟರಿನ ದೊಡ್ಡ ಉಕ್ಕಿನ ಹಂಡೆ ಒಳಗೊಳಗೇ ಗುನುಗುತ್ತಿತ್ತು. ಗೋಡೆಯ ಮೇಲೆ ಮೀಟರು, ಅದರ ಗಾಜಿನ ಹಿಂದೆ ಒಂದು ಪುಟ್ಟ ದೀಪ, ರೆಪ್ಪೆಯಿಲ್ಲದ ಕಣ್ಣಿನಂತೆ. ಅದರ ಕೆಳಗೆ ನೆಲದಲ್ಲಿ ಕಬ್ಬಿಣದ ಮುಚ್ಚಳ. ಶೋಧಿಸಿದ ನೀರು ಮೊದಲು ಬಂದು ನಿಲ್ಲುವ ಸಣ್ಣ ತೊಟ್ಟಿ ಅದು. ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು ಅಗಲ, ಅವನ ತಲೆ ಮುಳುಗುವಷ್ಟು ಆಳ. ಆ ತೊಟ್ಟಿಯ ನೀರನ್ನೇ ಮೀಟರು ನೋಡುವುದು.

ಮುಚ್ಚಳ ತೆಗೆಯಲು ಜೊತೆಗೆ ಬಂದಿದ್ದ ಗಾರ್ಡಿಗೆ ಹೇಳಿದೆ. ಅವನು ಮೆಟ್ಟಿಲ ಹತ್ತಿರವೇ ನಿಂತಿದ್ದ.

"ಆಪ್ ಹೀ ಖೋಲ್ ಲೀಜಿಯೇ, ಮೇಡಂಜೀ."

"ನಾನೇ ತೆಗೀಬೇಕಾ? ಯಾಕಪ್ಪ, ನಿನಗೆ ಕೈನೋವಾ?" ಎಂದು ಹಿಂದಿಯಲ್ಲಿ ಗದರಿಸಿದೆ. ಅವನು ನೆಲ ನೋಡಿದ. ಇಮ್ರಾನ್ ತಾನೇ ಬಗ್ಗಿ ಮುಚ್ಚಳ ಎತ್ತಿದ. ನೀರು ಕಪ್ಪಗೆ, ನಿಶ್ಚಲವಾಗಿತ್ತು. ನಮ್ಮಿಬ್ಬರ ಮುಖ ಅದರಲ್ಲಿ ಕಾಣಿಸಿತು. ಮುಚ್ಚಳ ಇಟ್ಟ ಮೇಲೆ ಇಮ್ರಾನ್ ಮೆಲ್ಲಗೆ ಕನ್ನಡದಲ್ಲಿ ಹೇಳಿದ.

"ಬೇಸಿಗೆಯಲ್ಲಿ ಇದನ್ನು ತೊಳೆಯೋಕೆ ಅಂತ ಒಬ್ಬ ಇಳಿದಿದ್ದ ಆಂಟಿ. ಬಹಳ ದಿನ ಮುಚ್ಚಿಟ್ಟಿದ್ದ ತೊಟ್ಟಿ. ಮೊಣಕಾಲು ನೀರಿತ್ತು ಅಷ್ಟೆ. ಆದರೆ ಉಸಿರಾಡೋ ಗಾಳಿ ಇರಲಿಲ್ಲ."

"ಆಮೇಲೆ?"

"ಆಮೇಲೆ ಪೊಲೀಸರು ಬಂದರು. ಆಂಬುಲೆನ್ಸಿನಲ್ಲಿ ಅವನ ಊರಿಗೆ ಕಳಿಸಿದರು. ತೊಟ್ಟಿ ತೊಳೆಸಿ ಕ್ಲೋರಿನ್ ಹಾಕಿಸಿದರು."

"ಎಷ್ಟು ಕ್ಲೋರಿನ್?" ಎಂದೆ ನಾನು. ಇಂಥ ಹೊತ್ತಿನಲ್ಲೂ ಬಾಯಿಗೆ ಬಂದದ್ದು ಅದು. ವೃತ್ತಿ ಮನುಷ್ಯನನ್ನು ಏನು ಮಾಡಿಬಿಡುತ್ತದೆ ನೋಡಿ.

ದೆಹಲಿಯ ರೋಹಿಣಿ ಬಡಾವಣೆಯಲ್ಲಿ ನನ್ನ ಹಳೆಯ ಶಿಷ್ಯೆಯೊಬ್ಬಳು ಸಣ್ಣ ಲ್ಯಾಬ್ ನಡೆಸುತ್ತಾಳೆ. ಇಮ್ರಾನ್ ಬೇರೆ ಬೇರೆ ದಿನ ಹಿಡಿದು ಕಳಿಸಿದ ನೀರನ್ನು ಅಲ್ಲಿ ಪರೀಕ್ಷಿಸಿ ಗೆರೆ ಎಳೆದೆ. ಮಳೆ ಬಿದ್ದ ದಿನದ ನೀರು, ಫಿಲ್ಟರ್ ತೊಳೆದ ಕೂಡಲೇ ಬಂದ ನೀರು, ಎಲ್ಲ ಚುಕ್ಕಿಗಳೂ ಹಾಸ್ಟೆಲಿನ ಹುಡುಗಿಯರಂತೆ ಸಾಲಾಗಿ ನಿಂತವು. ಕೊನೆಗೆ, ಮೀಟರು ಏರಿದ ಒಂದು ಬೆಳಿಗ್ಗೆ ಹಿಡಿದು ಅವನು ಫ್ರಿಜ್ಜಿನಲ್ಲಿಟ್ಟಿದ್ದ ಬಾಟಲಿ. ಬೆಳಕಿಗೆ ಹಿಡಿದರೆ ತೆಳು ನೀಲಿ ಬಿಳುಪು. ತಳದಲ್ಲಿ ಏನೂ ಕೂತಿರಲಿಲ್ಲ. ಕಾಗದದ ಮೂಲಕ ಎಳೆದೆವು, ಒಣಗಿಸಿದೆವು, ತೂಗಿದೆವು. ಕಾಗದ ಮೊದಲು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಅಚ್ಚ ಬಿಳಿ.

"ಮೇಡಂ, ನಾವು ಖಾಲಿ ಕಾಗದ ತೂಗಿದೆವಾ?" ಎಂದಳು ಶಿಷ್ಯೆ.

ಮತ್ತೆ ಮಾಡಿದೆವು. ಮತ್ತೂ ಅದೇ. ಬೆಳಕು 'ಇದ್ದಾನೆ' ಎನ್ನುತ್ತಿತ್ತು, ತಕ್ಕಡಿ 'ಇಲ್ಲ' ಎನ್ನುತ್ತಿತ್ತು. ಇದೆ, ಇಲ್ಲ ಎಂದು ಬರೆಯುವ ಬದಲು ನಾನು ಹೀಗೇಕೆ ಬರೆದೆ ಎಂದು ಕೇಳಬೇಡಿ. ಆ ಮಧ್ಯಾಹ್ನ ಲ್ಯಾಬಿನಲ್ಲಿ ನನ್ನ ಮನಸ್ಸಿಗೆ ಬಂದದ್ದು ಹಾಗೆಯೇ.

ಬಾಟಲಿಯಲ್ಲಿ ಗಾಳಿಗುಳ್ಳೆಗಳಿದ್ದರೆ ಇಷ್ಟು ಹೊತ್ತಿಗೆ ಒಡೆದುಹೋಗಿರುತ್ತಿದ್ದವು. ಕಾಗದದಿಂದಲೂ ನುಸುಳುವಂಥ ನುಣ್ಣನೆಯ ಜೇಡಿಯಾಗಿದ್ದರೆ ಎಲ್ಲ ದಿನವೂ ಬರಬೇಕಿತ್ತು. ಮನೆಗೆ ಬಂದು, ಮೀಟರು ಏರಿದ ದಿನಾಂಕಗಳನ್ನು ಇಮ್ರಾನ್ ಫೋನಿಗೆ ಕಳಿಸಿದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತ ಕೂತೆ. ನಮ್ಮವರು ಪ್ರತಿವರ್ಷ ಊರಿಂದ ತರಿಸುವ ಪಂಚಾಂಗದ ಕ್ಯಾಲೆಂಡರ್ ಮುಂದೆ ನಿಂತು ಏಕಾದಶಿ ಹುಡುಕುತ್ತಿದ್ದರು.

"ಇನ್ನೊಂದು ಸಲ ಓದು," ಎಂದರು. ಓದಿದೆ. ಅವರು ಹಾಳೆ ಹಿಂದಕ್ಕೆ ಮಗುಚುತ್ತ ಹೋದರು. ತಿರುಗಿ ನೋಡಿದಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಎಲ್ಲವೂ ಅಮಾವಾಸ್ಯೆ ಕಣೇ."

ಮುಂದಿನ ಅಮಾವಾಸ್ಯೆಯ ಹಿಂದಿನ ಸಂಜೆ ಹೋಗಿ ಇಮ್ರಾನನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಸ್ನಾನ ಮುಗಿಸಿ ನೀರಿನ ಕೋಣೆಗೆ ಇಳಿದು, ಫಿಲ್ಟರಿನ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತೆ. ಇಮ್ರಾನ್ ಪಂಪಿನವನನ್ನು ಕರೆತರಲು ಮೇಲೆ ಹೋದ. ನನಗೆ ಭಯವೆಂಬುದು ಕಡಿಮೆ. ಆದರೆ ನೀರಿನ ಪಕ್ಕದಲ್ಲಿ ಒಬ್ಬರೇ ಕೂತರೆ ಅದು ಮಾತಾಡುತ್ತದೆ. ಕೊಳವೆಯಲ್ಲಿ ಗಾಳಿ ಸಿಕ್ಕಿ ಹೊರಟ ಸದ್ದು ಯಾರೋ ಗಂಟಲು ಸರಿಮಾಡಿಕೊಂಡಂತೆ. ಮುಚ್ಚಳದ ಕೆಳಗೆ ಅಲೆ ತಗುಲಿದರೆ ಒಳಗಿನಿಂದ ಯಾರೋ ಬೆರಳಲ್ಲಿ ತಟ್ಟಿದಂತೆ. ಇವೆಲ್ಲ ಏನೆಂದು ನನಗೆ ಗೊತ್ತು. ಗೊತ್ತಿದ್ದೂ ಕುರ್ಚಿಯನ್ನು ಗೋಡೆಗೆ ಸರಿಸಿಕೊಂಡೆ.

ಲಿಫ್ಟು ಬಂದ ಸದ್ದು. ಮೆಟ್ಟಿಲ ಮೇಲೆ ಬರಿಗಾಲು. ಟಾರ್ಚಿನ ಬೆಳಕು ನೆಲದ ಮೇಲೆ ಹರಿದು ಮುಚ್ಚಳದ ಹತ್ತಿರ ನಿಂತಿತು. ಕಬ್ಬಿಣ ಕಲ್ಲಿಗೆ ಉಜ್ಜಿತು. ಆಮೇಲೆ, ಹರಿಯಾಣದ ಆ ನೆಲದಡಿಯಲ್ಲಿ, ನಮ್ಮ ಮಂಡ್ಯದ ಕಡೆಯ ಕನ್ನಡದಲ್ಲಿ ಒಂದು ಹೆಣ್ಣುದನಿ, ಮಗುವಿಗೆ ಹೇಳುವಂತೆ, ನೀರಿನೊಳಕ್ಕೆ ಹೇಳಿತು:

"ಕುಡಿಯಪ್ಪ. ಕುಡಿದು ಹೊಂಟೋಗು ನನ್ನಪ್ಪ."

ತುಪ್ಪದ ವಾಸನೆ ಬಂತು. ಮೀಟರಿನ ಅಂಕಿ ನಿಧಾನವಾಗಿ ಏರತೊಡಗಿತು. ನಾನು ಎದ್ದೆ.

"ಯಾರದು?"

ಆಕೆ ಬೆಚ್ಚಲಿಲ್ಲ. ಟಾರ್ಚನ್ನು ನನ್ನ ಮುಖಕ್ಕೆ ಹಿಡಿದು, ಕನ್ನಡ ಕೇಳಿದ್ದಕ್ಕೋ ಏನೋ, ಸ್ವಲ್ಪ ಹೊತ್ತು ನೋಡಿದಳು. ನನ್ನದೇ ವಯಸ್ಸಿನ ಹೆಂಗಸು. ಕೈಯಲ್ಲಿ ಸ್ಟೀಲಿನ ಚೊಂಬು.

"ನೀನು ಬದುಕಿರೋಳಾ ಅವ್ವಾ?" ಎಂದು ಕೇಳಿದಳು.

ನನಗೆ ಸಿಟ್ಟು ಬಂತು. "ಬದುಕಿದ್ದೀನಿ. ಪೆನ್ಷನ್ ಕೂಡ ಬರುತ್ತೆ. ನೀವು ಕುಡಿಯೋ ನೀರಿಗೆ ಏನು ಸುರಿದಿರಿ?"

"ಇನ್ನೇನು ಸುರೀತಾರೆ. ಹಾಲು-ತುಪ್ಪ."

ಹೆಸರು ಪುಟ್ಟಗೌರಮ್ಮ. ಮಗಳು-ಅಳಿಯನ ಜೊತೆ ಇದೇ ಕಟ್ಟಡದಲ್ಲಿ ಮೇಲೆ ಇರುತ್ತಾಳೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗಳು ಅನಿಕಾಳನ್ನು ನೋಡಿಕೊಳ್ಳುವುದು ಇವಳು. ಪುಟ್ಟಗೌರಮ್ಮನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ನಮ್ಮ ಕಡೆ ಸತ್ತ ಮೂರನೆಯ ದಿನ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಹಾಲು-ತುಪ್ಪ ಬಿಡುವುದು ನಿಮಗೆ ಗೊತ್ತಲ್ಲ. ಬಾಯಾರಿಕೆ ತೀರಿ ಜೀವ ದಾರಿ ಹಿಡಿಯಲಿ ಎಂದು.

"ಇಲ್ಲಿ ಸತ್ತವನಿಗೆ ಅವನ ಊರಲ್ಲಿ ಅವರ ಪದ್ಧತಿ ಪ್ರಕಾರ ಎಲ್ಲ ಮಾಡಿರುತ್ತಾರೆ," ಎಂದೆ.

"ಹೆಣಕ್ಕೆ ಮಾಡಿರ್ತಾರೆ. ಪ್ರಾಣ ಹೋದ ಜಾಗಕ್ಕೆ ಯಾರು ಮಾಡಿದರು? ಹಿಂದಿನ ದಿನ ನಮ್ಮ ಮನೆಗೆ ಬಂದಿದ್ದ ಕಣವ್ವಾ. ನಲ್ಲಿ ನಿಲ್ಲುತ್ತೆ ಅಂತ ಹೇಳೋಕೆ. ಬಿಸಿಲು. ನೀರು ಕೊಟ್ಟೆ. ಬಾಗಿಲಲ್ಲೇ ನಿಂತು ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋದ. ಹೆಸರು ಕೇಳೋಣ ಅಂದರೆ ನನಗೆ ಆ ಭಾಷೆ ಬರಬೇಕಲ್ಲ. ಮಾರನೆ ದಿನ ಕಾರಿನ ಹತ್ತಿರ ಚಾದರ ಹೊದಿಸಿ ಮಲಗಿಸಿದ್ದರು. ಪಾದ ನೋಡಿ ಗುರುತು ಹಿಡಿದೆ."

ಅವತ್ತಿನಿಂದ ನಲ್ಲಿಯ ನೀರಿನ ಲೋಟ ಎತ್ತಿದಾಗಲೆಲ್ಲ ಅವಳಿಗೆ ಒಳಗಿನಿಂದ ಯಾರೋ ನೋಡಿದಂತಾಗುತ್ತಿತ್ತು. ತಾನು ಕುಡಿಯುವುದನ್ನು ಬಿಟ್ಟಳು. ಮೊಮ್ಮಗಳಿಗೂ ಬೇಡವೆಂದಳು. ಮಗು ಹೆದರಿ, ಶಾಲೆಯಿಂದ ಬಂದರೂ ಬಾಯಾರಿ ಕೂರುತ್ತಿತ್ತು, ಕ್ಯಾನಿನ ನೀರು ಕೊಟ್ಟರೂ ಬೆಳಕಿಗೆ ಹಿಡಿದು ನೋಡಿ ಕೆಳಗಿಡುತ್ತಿತ್ತು. ಮಗಳಿಗೆ ತಲೆ ಕೆಟ್ಟಿತ್ತು; ಹೀಗೇ ಆದರೆ ಅಮ್ಮನನ್ನು ಊರಿಗೆ ಕಳಿಸಿಬಿಡುತ್ತೇನೆ ಎಂದಿದ್ದಳು.

"ಕಳಿಸಲಿ, ಹೋಯ್ತೀನಿ. ಆದರೆ ಇವನನ್ನು ಈ ನೀರಲ್ಲಿ ಬಿಟ್ಟು, ಆ ಕೂಸಿಗೆ ಇದನ್ನೇ ಕುಡಿಸಿ ಹೋಗಲಾ? ಹಾಲು ಬಿಡುವಾಗ ಹೆಸರು ಹೇಳಬೇಕು ಕಣವ್ವಾ. ಹೆಸರು ಹೇಳದೆ ಬಿಟ್ಟರೆ ಯಾರಿಗೆ ಅಂತ ಅವನಿಗೆ ತಿಳಿಯೋದು ಹೇಗೆ? ಅದಕ್ಕೇ ಪ್ರತಿ ಅಮಾಸೆಗೂ ಬರಬೇಕಾಯ್ತದೆ."

ನಾನು ನೀರಿನವಳು. ಹಾಲು ಬಿದ್ದ ತೊಟ್ಟಿಯಲ್ಲಿ ಏನೇನು ಬೆಳೆಯುತ್ತದೆ, ಯಾವ ರೋಗ ಬರುತ್ತದೆ ಎಂದು ಕಟ್ಟುನಿಟ್ಟಾಗಿ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹೆಣ ಬಿದ್ದ ನೀರು ಕುಡೀಬಹುದು. ಹಾಲು ಬಿದ್ದದ್ದು ಬ್ಯಾಡ. ಅಲ್ಲವಾ?"

ನಾನು ಅವಳ ಕೈಯ ಚೊಂಬನ್ನು ತೆಗೆದುಕೊಂಡು ತಳದ ಹಾಲಿನ ಹನಿಗಳನ್ನು ನೋಡಿದೆ. ಒಗಟು ಬಿಡಿಸಿದಂತಾಯಿತು. ದೆಹಲಿಯ ಪ್ಯಾಕೆಟ್ ಹಾಲಿನ ಕೊಬ್ಬನ್ನು ಯಂತ್ರದಲ್ಲಿ ಒಡೆದು ಎಷ್ಟು ನುಣ್ಣಗೆ ಮಾಡಿರುತ್ತಾರೆಂದರೆ, ಅದು ಬೆಳಕನ್ನು ಚೆನ್ನಾಗಿ ಚದುರಿಸುತ್ತದೆ, ಕಾಗದದ ಸಂದಿಯಲ್ಲಿ ಮಾತ್ರ ಬಹುಪಾಲು ನುಸುಳಿಹೋಗುತ್ತದೆ. ತುಪ್ಪ ಮೇಲೆ ತೇಲುತ್ತದೆ, ಕೊಳವೆಗೆ ಬರುವುದೇ ಇಲ್ಲ. ಆ ಚಣ ನನಗೆ ಸಮಾಧಾನವಾಯಿತು. ಎಲ್ಲಕ್ಕೂ ಕಾರಣವಿತ್ತು.

ಕಮಿಟಿಗೆ ಹೇಳಿದರೆ ಅವಳನ್ನು ಹುಚ್ಚಿ ಎನ್ನುತ್ತಾರೆ, ಮಾರನೆಯ ದಿನವೇ ಊರಿಗೆ ಸಾಗಿಸುತ್ತಾರೆ. ಆ ಮಗು ಮಾತ್ರ ಬಾಯಾರಿಕೊಂಡೇ ಉಳಿಯುತ್ತದೆ. ಹೇಳದಿದ್ದರೆ ಮೀಟರು ಕೀಳುತ್ತಾರೆ. ಎರಡೂ ಆಗಬಾರದು. ನಾನು ಕ್ರಮಪ್ರಕಾರ ಯೋಚಿಸಿ ಹೇಳಿದೆ: "ಇನ್ನು ಒಂದೇ ಸಲ. ಹೆಸರು ನಾವು ಹುಡುಕುತ್ತೇವೆ. ಅವತ್ತು ನೀರಿನ ವಾಲ್ವು ಮುಚ್ಚಿರುತ್ತೆ, ಯಾರೂ ಕುಡಿಯೋದಿಲ್ಲ. ನೀವು ಬಿಟ್ಟಾದ ಮೇಲೆ ತೊಟ್ಟಿ ಖಾಲಿ ಮಾಡಿ ತೊಳೆಸುತ್ತೇವೆ. ಆಮೇಲೆ ನೀವು ಇಲ್ಲಿಗೆ ಬರಕೂಡದು. ಒಪ್ಪಿಗೆಯಾ?"

"ಹೆಸರು ಸಿಕ್ಕಿದರೆ ಬರೋ ಕೆಲಸ ಏನಿದೆ?" ಎಂದಳು ಪುಟ್ಟಗೌರಮ್ಮ.

ಹೆಸರು ಸಿಗುವುದು ಸುಲಭವೆಂದುಕೊಂಡಿದ್ದೆ. ಇಮ್ರಾನ್ ಕೇಳಿದವರೆಲ್ಲ ಒಂದೇ ಮಾತು ಹೇಳಿದರು. "ಹಮ್ ತೋ ಛೋಟೂ ಬುಲಾತೇ ಥೇ." ನಾವು ಛೋಟೂ ಅಂತಲೇ ಕರೆಯುತ್ತಿದ್ದೆವು, ಚಿಕ್ಕವನೇ ಅಂತ. ಕೆಲಸಕ್ಕೆ ಕಳಿಸಿದ ಗುತ್ತಿಗೆದಾರ ಫೋನ್ ಎತ್ತಲಿಲ್ಲ. ಮೂವತ್ತು ದಾಟಿದ್ದ ಆ ಮನುಷ್ಯ ಇಡೀ ಕಟ್ಟಡಕ್ಕೆ ಛೋಟೂ. ಇಮ್ರಾನ್ ನನಗೆ ಫೋನ್ ಮಾಡಿ ಸುಸ್ತಾದ ದನಿಯಲ್ಲಿ, "ಆಂಟಿ, ನಾನೂ ಅವನನ್ನ ಹಾಗೇ ಕರೀತಿದ್ದೆ," ಎಂದ.

ಕೊನೆಗೆ ಬಾಯಿಬಿಟ್ಟವನು ಮುಚ್ಚಳ ಎತ್ತಲು ಹೆದರಿದ್ದ ಆ ಗಾರ್ಡು. ಅವರಿಬ್ಬರೂ ಒಂದೇ ಒಲೆಯಲ್ಲಿ ರೊಟ್ಟಿ ಸುಟ್ಟುಕೊಳ್ಳುತ್ತಿದ್ದರಂತೆ. ಅವನ ಫೋನಿನಲ್ಲಿ ಸತ್ತವನ ಅಣ್ಣನ ನಂಬರು ಇತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ, "ಕಿಸೀನೇ ಪೂಛಾ ಹೀ ನಹೀ, ಸಾಬ್," ಯಾರೂ ಕೇಳಲೇ ಇಲ್ಲವಲ್ಲ ಎಂದ. ಇಮ್ರಾನ್ ಸ್ಪೀಕರ್ ಹಾಕಿ ಮಾತಾಡಿದ. ಆ ಕಡೆಯಿಂದ ಕೋಳಿಯ ಸದ್ದು, ಮಕ್ಕಳ ಸದ್ದು. ಆಮೇಲೆ ಒಂದು ಹೆಸರು. ಸುಖರಾಮ್.

ಮುಂದಿನ ಅಮಾವಾಸ್ಯೆ ಬೆಳಿಗ್ಗೆ ನಾವು ನಾಲ್ವರು ಆ ಕೋಣೆಯಲ್ಲಿದ್ದೆವು. ವಾಲ್ವು ಮುಚ್ಚಿದ್ದೆವು; ತೊಟ್ಟಿಯಿಂದ ಮೀಟರಿಗೆ ಹೋಗುವ ತೆಳು ಕೊಳವೆ ಮಾತ್ರ ಓಡುತ್ತಿತ್ತು. ನಾನು ಮೀಟರಿನ ಗಾಜನ್ನು ಮೊದಲೇ ಒರೆಸಿ, ಗೊತ್ತಿರುವ ಮಸುಕಿನ ನೀರನ್ನು ತೋರಿಸಿ, ಅದು ಸರಿಯಾಗಿ ಓದುತ್ತಿದೆ ಎಂದು ಖಚಿತ ಮಾಡಿಕೊಂಡಿದ್ದೆ. ಗಾರ್ಡು ಈ ಸಲ ತಾನೇ ಬಂದು ಮುಚ್ಚಳ ಎತ್ತಿದ. ಪುಟ್ಟಗೌರಮ್ಮ ಸೆರಗು ತಲೆಗೆ ಹೊದ್ದು ಬಗ್ಗಿದಳು. ಇಮ್ರಾನ್ ಕರವಸ್ತ್ರವನ್ನು ತಲೆಗೆ ಕಟ್ಟಿ ಎರಡೂ ಅಂಗೈ ತೆರೆದು ನಿಂತ. ನಾನು ಟಾರ್ಚು ಹಿಡಿದಿದ್ದೆ.

"ಸುಕರಾಮಪ್ಪಾ," ಎಂದು ಕರೆದಳು ಅವಳು, ಅವಳ ನಾಲಿಗೆಗೆ ಬಂದಂತೆ. "ಸುಕರಾಮಪ್ಪಾ, ನಿನಗೆ ಕಣಪ್ಪ ಇದು. ಕುಡಿದು ಹೋಗು."

ಚೊಂಬು ವಾಲಿತು. ಹಾಲು ಬಿಳಿಯ ದಾರದಂತೆ ನೀರಿಗೆ ಇಳಿದದ್ದನ್ನು ಟಾರ್ಚಿನ ಬೆಳಕಿನಲ್ಲಿ ಕಣ್ಣಾರೆ ಕಂಡೆ. ತುಪ್ಪದ ಹನಿಗಳು ಚಿನ್ನದ ಬೊಟ್ಟಿನಂತೆ ಮೇಲೆ ಹರಡಿದವು. ನಾನು ಮೀಟರಿನ ಕಡೆ ತಿರುಗಿದೆ.

ಅಂಕಿ ಅಲುಗಲಿಲ್ಲ.

ಕಾದೆವು. ಹಿಂದಿನ ಸಲ ಇಷ್ಟು ಹೊತ್ತಿಗೆ ಏರಿ ಮಿತಿ ದಾಟಿತ್ತು. ಕೊಳವೆ ಕಟ್ಟಿದೆಯೇ ಎಂದು ಬಿಚ್ಚಿ ನೋಡಿದೆ. ನೀರು ಸರಾಗವಾಗಿ ಬರುತ್ತಿತ್ತು. ಮೊಣಕಾಲೂರಿ ಕೂತು, ಹಾಲು ಬಿದ್ದ ಜಾಗದಲ್ಲೇ ಕೈ ಅದ್ದಿ ಒಂದು ಬಾಟಲಿ ತುಂಬಿಕೊಂಡೆ. ಟಾರ್ಚಿಗೆ ಹಿಡಿದೆ. ಬೆಳಕು ಬಾಟಲಿಯ ಒಂದು ಕಡೆಯಿಂದ ಹೊಕ್ಕು, ಎಲ್ಲೂ ತಡೆಯದೆ, ಇನ್ನೊಂದು ಕಡೆಯಿಂದ ಹೋಗಿ ಗೋಡೆಯ ಮೇಲೆ ಬಿತ್ತು. ತೊಟ್ಟಿಯ ತಳದ ಸಿಮೆಂಟಿನ ಗೆರೆ ಕೂಡ ಕಾಣುತ್ತಿತ್ತು. ತುಪ್ಪ ತೇಲುತ್ತಿತ್ತು. ಬಿಳುಪು ಇರಲಿಲ್ಲ.

"ಆಂಟಿ, ಮೀಟರ್ ಕೆಟ್ಟಿತಾ?" ಪಿಸುಗುಟ್ಟಿದ ಇಮ್ರಾನ್.

ನಾನು ಗೊತ್ತಿರುವ ಮಸುಕಿನ ಆ ನೀರನ್ನು ಮೀಟರಿಗೆ ಮತ್ತೆ ತೋರಿಸಿದೆ. ಮೀಟರು ತಕ್ಷಣ ಸರಿಯಾಗಿ ಓದಿತು. ಮುಚ್ಚಳ ಹಾಕಿಸಿದೆ. ಪುಟ್ಟಗೌರಮ್ಮ ಮಾತ್ರ ಯಾರ ಮುಖವನ್ನೂ ನೋಡದೆ ಖಾಲಿ ಚೊಂಬನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. "ಬಾಯಾರಿದ್ದ," ಎಂದಳು. ಅಷ್ಟೇ.

ತೊಟ್ಟಿ ಖಾಲಿ ಮಾಡಿಸಿ, ಯಾರನ್ನೂ ಒಳಗಿಳಿಸದೆ ಮೇಲಿನಿಂದಲೇ ಪೈಪು ಹಿಡಿಸಿ ತೊಳೆಸಿದ್ದಾಯಿತು. ನೀರು ಮತ್ತೆ ತುಂಬಿ ಮೇಲಕ್ಕೆ ಹತ್ತಿದ ಮೇಲೆ ನಾವು ಅವಳ ಮನೆಗೆ ಹೋದೆವು. ಅನಿಕಾ ಯೂನಿಫಾರ್ಮಿನಲ್ಲಿ ಕೂತಿದ್ದಳು. ಪುಟ್ಟಗೌರಮ್ಮ ನಲ್ಲಿಯಿಂದ ನೇರವಾಗಿ ಲೋಟಕ್ಕೆ ನೀರು ಹಿಡಿದು, ಮೊದಲು ತಾನು ಅರ್ಧ ಕುಡಿದು, ಉಳಿದದ್ದನ್ನು ಚಾಚಿದಳು.

"ಅಜ್ಜಿ, ಆ ಅಂಕಲ್ ಹೋದರಾ?"

"ಹೋದರು ಕಂದ. ಕುಡಿ."

ಮಗು ಲೋಟದೊಳಗೆ ಇಣುಕಿತು. ಆಮೇಲೆ ಕಣ್ಣು ಮುಚ್ಚಿ, ಉಸಿರು ತೆಗೆದುಕೊಳ್ಳದೆ, ಗಟಗಟ ಕುಡಿದು, ಇನ್ನೂ ಬೇಕೆಂದು ಲೋಟ ಚಾಚಿತು.

ಕಮಿಟಿಗೆ ನಾನು ಬರೆದುಕೊಟ್ಟದ್ದು ಇಷ್ಟು: ಮೀಟರು ಸರಿಯಾಗಿದೆ, ಕೀಳಬೇಡಿ. ಮುಚ್ಚಳಕ್ಕೆ ಬೀಗ ಹಾಕಿ. ಇನ್ನು ಮುಂದೆ ತೊಟ್ಟಿಗೆ ಮನುಷ್ಯರನ್ನು ಇಳಿಸಬೇಡಿ. ಆಮೇಲೆ ಯಾವ ಅಮಾವಾಸ್ಯೆಗೂ ಅಲ್ಲಿ ನೀರು ನಿಲ್ಲಲಿಲ್ಲ. ಪುಟ್ಟಗೌರಮ್ಮ ಊರಿಗೆ ಹೋಗಲಿಲ್ಲ. ಮಗಳ ಜೊತೆ ಜಗಳವಾಡಿಕೊಂಡು ಅಲ್ಲೇ ಸುಖವಾಗಿದ್ದಾಳೆ.

ಕಾರಣಗಳನ್ನು ಹುಡುಕಿಲ್ಲವೆಂದು ತಿಳಿಯಬೇಡಿ. ವಾಲ್ವು ಮುಚ್ಚಿದ್ದರಿಂದ ನೀರು ಅಲುಗದೆ ಹಾಲು ಒಂದು ಮೂಲೆಯಲ್ಲಿ ತಳ ಸೇರಿರಬಹುದು. ನನ್ನ ಕಣ್ಣು ಹಳೆಯದು, ಟಾರ್ಚು ಸಣ್ಣದು. ಇವನ್ನೆಲ್ಲ ನಮ್ಮವರಿಗೂ ಹೇಳಿದೆ. ಅವರು ಎಲ್ಲ ಕೇಳಿ, "ಹೌದು, ಇರಬಹುದು" ಎಂದರು. ನನ್ನನ್ನು ತಮಾಷೆ ಮಾಡದೆ ಅವರು ಏನನ್ನಾದರೂ ಒಪ್ಪಿಕೊಂಡರೆ ನನಗೆ ಗಾಬರಿಯಾಗುತ್ತದೆ.

ಅದಕ್ಕೇ ದಿನವೂ ಹಾಲಿನ ನೀರನ್ನು ಬೆಳಕಿಗೆ ಹಿಡಿಯುವುದು. ನೀರಿಗೆ ಹಾಲು ಬಿದ್ದರೆ ಬಿಳುಪಾಗುತ್ತದೆ ಎಂಬ ಸಂಗತಿ ಇವತ್ತೂ ನಿಜವೇ ಎಂದು ನೋಡಿಕೊಳ್ಳುವುದಕ್ಕೆ. ಪ್ರತಿದಿನವೂ ನಿಜವಾಗಿದೆ. ಆದರೆ ಒಳ್ಳೆಯ ಪ್ರಯೋಗಶಾಲೆಯವಳು ಮಾಡಬೇಕಾದ ಇನ್ನೊಂದು ಪರೀಕ್ಷೆಯನ್ನು ನಾನು ಇಷ್ಟು ವರ್ಷ ಮಾಡಿಲ್ಲ. ಲೋಟ ಕೈಯಲ್ಲಿ ಹಿಡಿದು, ಆ ಹೆಸರು ಹೇಳಿ, ಆಮೇಲೆ ನೋಡುವುದು. ಹೆಸರು ಬಾಯಿಯವರೆಗೆ ಬಂದು ನಿಲ್ಲುತ್ತದೆ. ಬಿಳುಪು ಹಾಗೇ ಉಳಿದರೂ ನನಗೆ ಹಿತವಿಲ್ಲ, ಹೋಗಿಬಿಟ್ಟರೂ ಹಿತವಿಲ್ಲ.

ಇವತ್ತು ಅಮಾವಾಸ್ಯೆ. ಪಾತ್ರೆ ತೊಳೆದ ನೀರನ್ನು ಲೋಟಕ್ಕೆ ಬಗ್ಗಿಸಿಕೊಂಡೆ. ಕಿಟಕಿಯ ಹತ್ತಿರ ಹೋಗಲಿಲ್ಲ. ಅಂಗೈಯಿಂದ ಲೋಟದ ಬಾಯಿ ಮುಚ್ಚಿಕೊಂಡು ಬಾಲ್ಕನಿಗೆ ನಡೆದು, ಕರಿಬೇವಿನ ಕುಂಡದ ಮುಂದೆ ಬಗ್ಗಿ, ಆ ಹೆಸರನ್ನು ಮೊದಲ ಸಲ ಗಟ್ಟಿಯಾಗಿ ಹೇಳಿದೆ. ಲೋಟವನ್ನು ನೋಡದೆ ಸುರಿದೆ. ಮಣ್ಣು ಕುಡಿಯಿತು. ಮಣ್ಣಿನಲ್ಲಿ ಬಿಳುಪು ಕಾಣುವುದಿಲ್ಲ, ತೂಕವೂ ತಿಳಿಯುವುದಿಲ್ಲ.

ಒಳಗೆ ಬಂದಾಗ ನಮ್ಮವರು ಪೇಪರು ಕೆಳಗಿಟ್ಟಿದ್ದರು.

"ಇವತ್ತು ರಿಸಲ್ಟು?"

"ನೋಡಲಿಲ್ಲ," ಎಂದೆ. ಲೋಟ ತೊಳೆದು ಬೋರಲು ಹಾಕಿದೆ.